ಕಣ್ಣು ಕಾಣಲ್ಲ ಅಂತ ಸಂಗೀತದ ಗುರುಗಳನ್ನ ಮನೆಗೆ ಕಳಿಸಬೇಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಮತ್ತು ರಾಜ್ಯದ ಖಾಸಗಿ, ಅನುದಾನಿತ ಶಾಲೆಗಳ ಆಡಳಿತ ಮಂಡಳಿಯ ಎಲ್ಲ ಹಿರಿಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಉತ್ತರ ಕರ್ನಾಟಕದ ಒಂದು ಊರಲ್ಲಿರೋ ತಾಯಿ. ನನ್ನ ಮಗಳ ಶಾಲೆಯಲ್ಲಿ ಸಂಗೀತ ಹೇಳಿಕೊಡ್ತಿದ್ದ ಗುರುಗಳ ಹತ್ರಾನೇ ನಾನೂ ಚಿಕ್ಕವಳಿದ್ದಾಗ ಗಾಯನ, ಹಾರ್ಮೋನಿಯಂ ಕಲಿತಿದ್ದು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣಲ್ಲ. ಈ ವರ್ಷ ಶಾಲೆಯವರು ಅವರಿಗೆ ಇನ್ಮೇಲೆ ಬರೋದು ಬೇಡ ಅಂದಿದಾರೆ. ಅವರ ಹೆಸರು, ಶಾಲೆ ಹೆಸರು ಎರಡನ್ನೂ ಇಲ್ಲಿ ಹಾಕ್ತಿಲ್ಲ, ಹಾಕಬೇಡ ಅಂತ ಗುರುಗಳೇ ಹೇಳಿದಾರೆ, ಅದೂ ಅಲ್ಲದೆ ಇದು ಒಂದೇ ಶಾಲೆಯಲ್ಲಿ ಆಗಿರೋದು ಅಂತ ನನಗೆ ಅನ್ಸೋದೂ ಇಲ್ಲ. ಅವರ ಜೊತೆ ಕಲಿತ ಬೇರೆ ಅಂಧ ಶಿಕ್ಷಕರು ಫೋನಲ್ಲಿ ಹೇಳ್ಕೊಳ್ಳೋದೂ ಇದೇ, ಬೇರೆ ಬೇರೆ ಊರಲ್ಲಿ. ಅದಕ್ಕೇ ಈ ಪತ್ರ ನಿಮಗೂ ಎಲ್ಲ ಆಡಳಿತ ಮಂಡಳಿಯವರಿಗೂ ಒಟ್ಟಿಗೇ ಬರೀತಿದೀನಿ.

ಮೊದಲು ಏನಾಯ್ತು ಅಂತ ಹೇಳ್ತೀನಿ, ನಾನು ಪಾಲಕರ ಸಮಿತಿಯಲ್ಲಿ ಇದ್ದಿದ್ರಿಂದ ಇದನ್ನೆಲ್ಲ ಹತ್ರದಿಂದ ನೋಡಿದೀನಿ. ಶಾಲೆಗೆ ಒಂದು ಹೊಸ ಆ್ಯಪ್ ಬಂತು. ಹಾಜರಾತಿ, ಮಾರ್ಕ್ಸು, ಹೋಮ್‌ವರ್ಕು ಎಲ್ಲ ಅದರಲ್ಲೇ ಹಾಕಬೇಕು, ರಿಜಿಸ್ಟರ್ ಬಂದ್ ಅಂದ್ರು. ನಮ್ಮ ಗುರುಗಳು ಫೋನ್ ಬಳಸೋದ್ರಲ್ಲಿ ಯಾರಿಗೂ ಕಮ್ಮಿ ಇಲ್ಲ. ಟಾಕ್‌ಬ್ಯಾಕ್ ಅಂತ ಆಂಡ್ರಾಯ್ಡ್ ಫೋನಲ್ಲೇ ಇರುತ್ತೆ, ಪರದೆ ಮೇಲೆ ಬೆರಳಿಟ್ಟ ಜಾಗದಲ್ಲಿ ಏನಿದೆ ಅಂತ ಅದು ಓದಿ ಹೇಳುತ್ತೆ, ಅದರಲ್ಲೇ ಅವರು ವಾಟ್ಸಾಪ್ ಮಾಡ್ತಾರೆ, ಪೇಪರ್ ಓದ್ತಾರೆ, ಶಿಷ್ಯರ ರೆಕಾರ್ಡಿಂಗ್ ಕೇಳಿ ವಾಯ್ಸ್ ಮೆಸೇಜಲ್ಲಿ ತಿದ್ದಿ ಕಳಿಸ್ತಾರೆ. ಆದ್ರೆ ಆ ಆ್ಯಪ್ ಮಾಡಿದೋರು ಒಂದು ಬಟನ್ನಿಗೂ ಹೆಸರು ಕೊಟ್ಟಿರಲಿಲ್ಲ, ಬರೀ ಚಿತ್ರ ಹಾಕಿದ್ರು. ಗುರುಗಳು ಬೆರಳಿಟ್ಟಲ್ಲೆಲ್ಲ ಫೋನು ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್ ಅಂತ ಅಷ್ಟೇ ಹೇಳೋದು. ಹಾಜರಿ ಯಾವುದು ಗೈರುಹಾಜರಿ ಯಾವುದು ಅಂತ ಹೇಗೆ ಗೊತ್ತಾಗಬೇಕು ಅವರಿಗೆ?

ಅವರು ಆಫೀಸಿಗೆ ಹೋಗಿ ವಿನಯವಾಗೇ ಕೇಳಿದ್ರು, ಕಂಪನಿಯವರಿಗೆ ಹೇಳಿ ಬಟನ್ನಿಗೆ ಹೆಸರು ಹಾಕ್ಸಿ, ಉಳಿದಿದ್ದು ನಾನು ಮಾಡ್ಕೋತೀನಿ ಅಂತ. ಅದು ದೊಡ್ಡ ಕೆಲಸ ಏನಲ್ಲ, ಆ್ಯಪ್ ಮಾಡೋ ಕೆಲಸದಲ್ಲಿರೋ ನಮ್ಮ ಸಂಬಂಧಿಕ ಹುಡುಗನ್ನ ನಾನೇ ಕೇಳಿದೆ, ಪ್ರತಿ ಬಟನ್ನಿಗೂ ಒಂದೊಂದು ಪದ ಬರೆದರೆ ಆಯ್ತು ಅಕ್ಕಾ ಅಂದ. ಆದ್ರೆ ಶಾಲೆಯಿಂದ ಕಂಪನಿಗೆ ಒಂದು ಮೇಲ್ ಕೂಡ ಹೋಗ್ಲಿಲ್ಲ. ಸ್ವಲ್ಪ ದಿನ ಇನ್ನೊಬ್ಬ ಟೀಚರ್ ಇವರ ಹಾಜರಾತಿ ಹಾಕಿಕೊಟ್ರು, ಆಮೇಲೆ ಅವರಿಗೂ ಕೆಲಸ ಜಾಸ್ತಿ ಆಯ್ತು, ಪಾಪ ಅವರ ತಪ್ಪೇನಿಲ್ಲ ಅದರಲ್ಲಿ. ಕೊನೆಗೆ ಮೀಟಿಂಗ್ ಮಾಡಿ, ಸರ್ ನಿಮಗೂ ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಿ ಅಂದ್ರು. ಅವರಿಗಿಂತ ವಯಸ್ಸಾದೋರು ಅದೇ ಸ್ಟಾಫ್ ರೂಮಲ್ಲಿ ಇನ್ನೂ ಕೆಲಸ ಮಾಡ್ತಿದಾರೆ.

ಅವತ್ತೇ ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಹಣ್ಣಿನ ಬುಟ್ಟಿ ಕೊಟ್ರು. ಒಳಗಣ್ಣು ತೆರೆದ ಮಹಾನುಭಾವರು ಅಂತ ಭಾಷಣಾನೂ ಆಯ್ತು. ಮುಂದಿನ ತಿಂಗಳಿಂದ ಸಂಬಳ ಇಲ್ಲ. ಸಂಬಳ ಅಂತಾನೂ ಅನ್ನೋ ಹಾಗಿಲ್ಲ, ಅಷ್ಟು ವರ್ಷ ಕೊಟ್ಟಿದ್ದು ಗೌರವಧನ ಅಂತ, ನೇಮಕಾತಿ ಆದೇಶ ಅನ್ನೋ ಕಾಗದಾನೇ ಅವರ ಕೈಗೆ ಬಂದಿರಲಿಲ್ಲ, ಹಾಗಾಗಿ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ತೆಗೆದು ಹಾಕಿದ್ದಕ್ಕೂ ಒಂದು ಕಾಗದ ಇಲ್ಲ. ನಾವು ಪಾಲಕರು ಯಾಕೆ ಅಂತ ಕೇಳಿದಾಗ ಬಂದ ಉತ್ತರಗಳು ಮೂರು. ಆ್ಯಪ್ ಬಳಸೋಕೆ ಬರಲ್ಲ ಅನ್ನೋದೊಂದು, ಕ್ಲಾಸ್ ಕಂಟ್ರೋಲ್ ಮಾಡೋಕೆ ಕಣ್ಣು ಬೇಕಲ್ವಾ ಅನ್ನೋದೊಂದು, ಈಗ ಸ್ಮಾರ್ಟ್ ಬೋರ್ಡ್ ಬಂದಿದೆ ಅದರ ಮೇಲೆ ನೊಟೇಶನ್, ಅಂದ್ರೆ ಸ್ವರಗಳನ್ನ ಗುರುತು ಹಾಕಿ, ಬರೆದು ತೋರ್ಸೋರು ಬೇಕು ಅನ್ನೋದು ಇನ್ನೊಂದು. ಆ್ಯಪಿನ ವಿಷಯ ಮೇಲೇ ಹೇಳಿದೆ. ಉಳಿದ ಎರಡರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಆ ಮಾತು ಆಡಿದೋರು ಯಾರೂ ಅವರ ಕ್ಲಾಸಲ್ಲಿ ಒಂದು ದಿನ ಕೂತು ನೋಡಿದೋರಲ್ಲ.

ಅವರ ಕ್ಲಾಸಲ್ಲಿ ಬೆಂಚು ಇರೋದಿಲ್ಲ. ಮಕ್ಕಳನ್ನ ಜಮಖಾನೆ ಮೇಲೆ ಅರ್ಧ ಸುತ್ತು ಕೂರಿಸ್ತಾರೆ, ಯಾರು ಎಲ್ಲಿ ಕೂತ್ಕೋಬೇಕು ಅಂತ ವರ್ಷದ ಮೊದಲ ವಾರದಲ್ಲೇ ಗೊತ್ತು ಮಾಡಿಬಿಡ್ತಾರೆ, ಮೊದಲು ಒಬ್ಬೊಬ್ಬರ ಹತ್ರಾನೂ ಬರೀ ಸಾ ಹಾಡಿಸ್ತಾರೆ. ಅಷ್ಟು ಸಾಕು, ಆ ದನಿ ಆ ಜಾಗ ಆ ಹೆಸರು ಮೂರೂ ಅವರ ತಲೇಲಿ ಕೂತುಬಿಡುತ್ತೆ. ಎಲ್ಲರೂ ಒಟ್ಟಿಗೆ ಹಾಡುವಾಗ ಯಾರೋ ಒಬ್ಬರು ಶ್ರುತಿ ಬಿಟ್ಟರೆ ಹೆಸರು ಹಿಡಿದೇ ಕರೀತಾರೆ. ಬಾಯಿ ಆಡಿಸ್ತಾ ಹಾಡದೇ ಇರೋರು ಯಾರು ಅಂತಾನೂ ಗೊತ್ತಾಗುತ್ತೆ ಅವರಿಗೆ, ಕಣ್ಣಿರೋ ಮೇಷ್ಟ್ರಿಗೆ ಅದು ಗೊತ್ತಾಗೋದು ಕಷ್ಟ, ಯಾಕಂದ್ರೆ ನೋಡೋಕೆ ಆ ಮಗು ಹಾಡ್ತಾನೇ ಇರುತ್ತೆ. ತಂಗೀ, ಗದ್ದ ಕೆಳಗ ಮಾಡು, ದನಿ ಮ್ಯಾಲೆ ಸಿಕ್ಕಾಕೊಂಡೈತಿ ನೋಡು ಅಂತ ನನಗೇ ಹೇಳ್ತಿದ್ರು. ಗದ್ದ ಎತ್ತಿ ಹಾಡಿದಾಗ ಗಂಟಲು ಬಿಗಿಯಾಗಿ ದನಿ ಬೇರೆ ಆಗುತ್ತಂತೆ, ಅದನ್ನ ಕೇಳೇ ಹೇಳೋದು. ಉಸಿರು ಎದೆಯಿಂದ ತಗೋತಿದೀವಾ ಹೊಟ್ಟೆಯಿಂದಾನಾ ಅನ್ನೋದೂ ಅಷ್ಟೇ, ಸ್ವರ ನಿಂತ ರೀತೀಲೇ ಹಿಡೀತಾರೆ.

ಹಾರ್ಮೋನಿಯಂ ಪಾಠ ಇನ್ನೂ ಚಂದ. ನಾವು ತಪ್ಪು ಬೆರಳು ಹಾಕಿದ್ರೆ ಸ್ವರ ಸರಿಯಾಗೇ ಬರುತ್ತೆ, ಆದ್ರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಕೂದಲೆಳೆಯಷ್ಟು ಸಂದು ಬೀಳುತ್ತೆ, ಆ ಸಂದು ಕೇಳಿದ ತಕ್ಷಣ ಹೆಬ್ಬೆರಳು ಒಳಗಿಂದ ತಗೋ ಅಂತಿದ್ರು. ತಿದಿ ಜೋರಾಗಿ ಒತ್ತಿದ್ರೆ ಪೆಟ್ಟಿಗೇನ ಹೆದರಿಸಬ್ಯಾಡ ಅಂತ ಗದರೋರು. ಹೊಸದಾಗಿ ತಬಲಾ ಕಲಿಯೋ ಹುಡುಗರಿಗೆ ತಮ್ಮ ಕೈ ಮೇಲೆ ಅವರ ಕೈ ಇಟ್ಟುಕೊಳ್ಳೋಕೆ ಹೇಳಿ ನಾ, ತಿನ್ ಬಾರಿಸಿ ತೋರಿಸೋರು, ಬೆರಳು ಅಂಚಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಬೇಗ ಏಳಬೇಕು ಅನ್ನೋದು ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ, ಮುಟ್ಟಿದ್ರೆ ಗೊತ್ತಾಗುತ್ತೆ. ತಬಲಾ ಶ್ರುತಿ ಇಳಿದಿದ್ರೆ ಹತುಡಿ (ಚಿಕ್ಕ ಸುತ್ತಿಗೆ) ತಗೊಂಡು ಪಕ್ಕದ ಗಟ್ಟಾ (ಮರದ ತುಂಡು) ತಟ್ಟಿ ಅವರೇ ಏರಿಸ್ತಿದ್ರು, ಸುತ್ತ ಒಂದೊಂದು ಜಾಗ ಬಾರಿಸಿ ನೋಡ್ತಾ ಎಲ್ಲ ಕಡೆ ಒಂದೇ ಸ್ವರ ಬರೋ ತನಕ ಬಿಡ್ತಿರಲಿಲ್ಲ. ಆ ಶಾಲೆಯಲ್ಲಿ ಈಗ ತಬಲಾ ಶ್ರುತಿ ಮಾಡೋಕೆ ಬರೋರು ಯಾರೂ ಇಲ್ಲ. ಪ್ರಾರ್ಥನೆಗೆ ಮೊಬೈಲಲ್ಲಿ ಟ್ರ್ಯಾಕ್ ಹಾಕ್ತಾರೆ.

ಕಂಟ್ರೋಲ್ ವಿಷಯಕ್ಕೆ ಬಂದ್ರೆ, ಬೇರೆ ಪಿರಿಯಡ್‌ಗಳಲ್ಲಿ ಗಲಾಟೆ ಮಾಡೋ ಮಕ್ಕಳು ಈ ಪಿರಿಯಡ್ಡಲ್ಲಿ ಸುಮ್ಮನಿರ್ತಿದ್ರು. ಹೆದರಿಕೆಯಿಂದಲ್ಲ. ಪಿಸುಗುಟ್ಟಿದ್ರೂ ಕೇಳಿಸುತ್ತೆ ಅನ್ನೋದು ಒಂದು, ತಾನು ಹಾಡೋದನ್ನ ಇಷ್ಟು ಗಮನ ಕೊಟ್ಟು ಕೇಳೋ ದೊಡ್ಡವರು ಇನ್ಯಾರೂ ಇಲ್ಲ ಅನ್ನೋದು ಮಕ್ಕಳಿಗೆ ತಿಳಿದಿತ್ತು ಅನ್ನೋದು ಇನ್ನೊಂದು. ನನ್ನ ಮಗಳು ಹೇಳಿದ ಮಾತಿದು, ನಾನು ಸೇರಿಸಿದ್ದಲ್ಲ.

ಮಾನ್ಯರೇ, ಕಣ್ಣಿಲ್ಲದೋರು ಕ್ಲಾಸ್ ನಡೆಸೋಕೆ ಆಗುತ್ತಾ ಅನ್ನೋ ಪ್ರಶ್ನೆ ಬೇರೆ ಯಾವ ರಾಜ್ಯದಲ್ಲಾದ್ರೂ ಕೇಳಲಿ, ಕರ್ನಾಟಕದಲ್ಲಿ ಹೇಗೆ ಕೇಳ್ತಾರೆ ಅನ್ನೋದೇ ನನಗೆ ಅರ್ಥ ಆಗದ ವಿಷಯ. 1892ರಲ್ಲಿ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಸ್ವಾಮಿಗಳು ಕೈ ಹಿಡಿದ್ರು, ಕರ್ನಾಟಕ ಸಂಗೀತ ಕಲಿಯೋಕೆ ಏರ್ಪಾಡು ಮಾಡಿದ್ರು, ಆಮೇಲೆ ನೀಲಕಂಠಬುವಾ ಅವರ ಹತ್ರ ಹಿಂದೂಸ್ತಾನಿ ಕಲಿಯೋ ಹಾಗೆ ಮಾಡಿದ್ರು. ಕಲಿತ ಮೇಲೆ ಗವಾಯಿಗಳು ಸಂಗೀತ ಕಚೇರಿ ಮಾಡ್ಕೊಂಡು ತಮ್ಮ ಪಾಡಿಗೆ ಇರಬಹುದಿತ್ತು. ಇರಲಿಲ್ಲ, ಅಂಧ ಮಕ್ಕಳನ್ನ, ಬಡ ಮಕ್ಕಳನ್ನ ಕಟ್ಟಿಕೊಂಡು ಊರೂರು ತಿರುಗ್ತಾ ಪಾಠ ಹೇಳಿದ್ರು, ಮಕ್ಕಳ ಅನ್ನಕ್ಕೆ ದುಡ್ಡು ಸಾಲದೆ ನಾಟಕ ಕಂಪನಿ ನಡೆಸಿದ್ರು, ಕೊನೆಗೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಲ್ಲಿಸಿದ್ರು. ಬಸವರಾಜ ರಾಜಗುರು ಅವರಂಥ ಗಾಯಕರು ಅವರ ಶಿಷ್ಯರು. ರಾಜಗುರುಗಳಿಗೆ ಕಣ್ಣು ಕಾಣ್ತಿತ್ತು, ಕಲಿಸಿದ ಗುರುಗಳಿಗೆ ಕಾಣ್ತಿರಲಿಲ್ಲ.

1944ರಲ್ಲಿ ಅವರು ಹೋದ ಮೇಲೆ ಆಶ್ರಮ ವಹಿಸಿಕೊಂಡಿದ್ದು ಪುಟ್ಟರಾಜ ಗವಾಯಿಗಳು, ಕೂಸಾಗಿದ್ದಾಗಲೇ ದೃಷ್ಟಿ ಕಳಕೊಂಡೋರು. 2010ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಳ್ಳೋ ತನಕ, ಅಂದ್ರೆ 66 ವರ್ಷ, ಆ ಸಂಸ್ಥೆ ನಡೆಸಿದ್ದು ಅವರೇ. ಅನ್ನ, ವಸತಿ, ಪಾಠ, ನಾಟಕ, ಲೆಕ್ಕಪತ್ರ ಎಲ್ಲದಕ್ಕೂ ಮೇಲೆ ನಿಂತೋರು ಅವರು, ಅದರ ಮಧ್ಯೆ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದ್ರು. ಅವರ ಹತ್ರ ವರ್ಷಗಟ್ಟಲೆ ಆಶ್ರಮದಲ್ಲೇ ಇದ್ದು ಕಲಿತ ಹಿಂದೂಸ್ತಾನಿ ಗಾಯಕ ವೆಂಕಟೇಶ್ ಕುಮಾರ್ ಅವರನ್ನ ಇವತ್ತು ದೇಶ ಎಲ್ಲ ಕೇಳುತ್ತೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅವರ ಫೋಟೋ ನಮ್ಮ ಕಡೆ ಅಂಗಡಿಯಲ್ಲಿ, ಬಸ್ಸಲ್ಲಿ, ಶಾಲೆಯಲ್ಲಿ ಎಲ್ಲಾ ಕಡೆ ಇದೆ. ನಾನು ಹೇಳ್ತಿರೋ ಶಾಲೆಯ ಆಫೀಸಲ್ಲೂ ಇದೆ, ಅದಕ್ಕೆ ದಿನಾ ಹೂ ಹಾಕ್ತಾರೆ. ನಮ್ಮ ಗುರುಗಳು ಅದೇ ಆಶ್ರಮದಲ್ಲಿ ಅವರ ಕಾಲದಲ್ಲೇ ಕಲಿತೋರು. ಫೋಟೋಗೆ ಹೂ ಹಾಕೋರಿಗೆ ಆ ಫೋಟೋದಲ್ಲಿರೋರ ಶಿಷ್ಯ ಭಾರ ಆಗಿದ್ದು ಹೇಗೆ?

ಬೇರೆ ಕಡೆ ನೋಡಿದ್ರೂ ಇದೇನು ಅಪರೂಪದ ಸಂಗತಿ ಅಲ್ಲ. ಸಿನಿಮಾ ಗಾಯಕ ಮನ್ನಾ ಡೇ ಅವರಿಗೆ ಮೊದಲು ಸಂಗೀತ ಹೇಳಿಕೊಟ್ಟಿದ್ದು ಅವರ ಚಿಕ್ಕಪ್ಪ ಕೆ.ಸಿ. ಡೇ, ಹುಡುಗನಾಗಿದ್ದಾಗಲೇ ಕಣ್ಣು ಕಳಕೊಂಡೋರು. ವಿಯೆನ್ನಾದಲ್ಲಿ ಮರಿಯಾ ತೆರೇಸಿಯಾ ಫಾನ್ ಪಾರಾದಿಸ್ ಅನ್ನೋ ಅಂಧ ಪಿಯಾನೋ ವಾದಕಿ 1808ರಲ್ಲೇ ಸ್ವಂತ ಸಂಗೀತ ಶಾಲೆ ತೆಗೆದಿದ್ರು. ಇನ್ನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಮಾಡಿ ತೋರಿಸಿದ ಕೆಲಸಕ್ಕೆ ನಾವಿನ್ನೂ ಆಗುತ್ತೋ ಇಲ್ವೋ ಅಂತ ಮೀಟಿಂಗ್ ಮಾಡ್ತಾ ಕೂತಿದೀವಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಇದು ಸಭೆ ಸಮಾರಂಭ ಮಾಡೋರಿಗೂ ಸೇರಿ. ಅಂಧ ಕಲಾವಿದರು ವೇದಿಕೆಗೆ ಬಂದ ಕೂಡಲೇ ನಿರೂಪಕರು ಶುರು ಮಾಡ್ತಾರೆ, ಕಣ್ಣಿಲ್ಲದಿದ್ರೂ ದೇವರು ಎಂಥ ಕಂಠ ಕೊಟ್ಟಿದಾನೆ ನೋಡಿ, ಪವಾಡ ಅಂತ. ದೇವರು ಕೊಟ್ಟಿದ್ದು ಇರಬಹುದು, ಆದ್ರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಂದ್ರದಲ್ಲಿ, ಅಂದ್ರೆ ಕೆಳಗಿನ ದನೀಲಿ, ಒಂದೇ ಷಡ್ಜ (ಸಾ) ಹಿಡಿದು ಕೂತೋರು ಅವರು. ಒಂದೇ ಪಲ್ಟಾನ (ಅಭ್ಯಾಸದ ಸ್ವರಸಾಲು) ನೂರಾರು ಸಲ ತಿರುವಿ ಹಾಕಿದೋರು ಅವರು. ಪವಾಡ ಅಂದ ತಕ್ಷಣ ಆ ದುಡಿಮೆ ಎಲ್ಲ ಮಾಯ ಆಗುತ್ತೆ, ದುಡಿಮೆ ಮಾಯ ಆದಮೇಲೆ ಕೂಲಿ ಯಾಕೆ ಕೊಡಬೇಕು ಅನ್ನೋ ಲೆಕ್ಕ ಬರುತ್ತೆ. ನಮ್ಮ ಗುರುಗಳಿಗೆ ಎಷ್ಟೋ ಕಾರ್ಯಕ್ರಮಗಳಲ್ಲಿ ಹಾಗೇ ಆಗಿದೆ, ಜೊತೆಗೆ ಹಾಡಿದ ಬೇರೆಯವರಿಗೆ ಕವರು, ಇವರಿಗೆ ಶಾಲು, ಕೇಳಿದ್ರೆ ಗುರುಗಳು ಸೇವೆ ಅಂತ ಬಂದಿದಾರೆ ಅನ್ನೋ ಉತ್ತರ. ಸೇವೆ ಅಂತ ಅವರು ಯಾವತ್ತೂ ಹೇಳಿರಲಿಲ್ಲ. ಅವರಿಗೂ ಮನೆ ಬಾಡಿಗೆ ಇದೆ, ಮಕ್ಕಳ ಫೀಸ್ ಇದೆ, ಬಿಪಿ ಮಾತ್ರೆ ಇದೆ. ಕಾರ್ಯಕ್ರಮ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ತನಕ ಬಿಡೋಕೆ ಒಬ್ಬರೂ ಸಿಗದೆ ಖಾಲಿ ಪೆಂಡಾಲಲ್ಲಿ ಅವರು ಕೂತಿದ್ದನ್ನ ನಾನೇ ನೋಡಿದೀನಿ.

ಈಗ ನೊಟೇಶನ್ ವಿಷಯ. ಬೋರ್ಡ್ ಮೇಲೆ ಬರೆದು ತೋರಿಸೋರು ಬೇಕು ಅನ್ನೋದನ್ನ ಕೇಳಿದಾಗ ನನಗೆ ನಿಜವಾಗ್ಲೂ ಬೇಜಾರಾಯ್ತು. ಹಿಂದೂಸ್ತಾನಿಯಲ್ಲಿ ನಾವು ಬಳಸೋ ಭಾತಖಂಡೆ ಪದ್ಧತಿಯಲ್ಲಿ ಕೋಮಲ (ಇಳಿಸಿದ) ಸ್ವರಕ್ಕೆ ಕೆಳಗೆ ಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ನೆಟ್ಟನೆ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ದನಿಗೆ) ಮೇಲೆ ಚುಕ್ಕೆ. ಬರೆದಿಟ್ಟುಕೊಳ್ಳೋಕೆ ಒಳ್ಳೇದು, ಬೇಡ ಅನ್ನಲ್ಲ. ಆದ್ರೆ ಕೋಮಲ ಋಷಭ (ರಿ) ಭೈರವ ರಾಗದಲ್ಲಿ ಆಂದೋಲನ ಆಗೋ, ಅಂದ್ರೆ ನಿಧಾನಕ್ಕೆ ತೂಗೋ, ರೀತಿ ಬೇರೆ, ತೋಡಿ ರಾಗದಲ್ಲಿ ನಿಲ್ಲೋ ರೀತಿ ಬೇರೆ, ಎರಡಕ್ಕೂ ಬೋರ್ಡ್ ಮೇಲೆ ಇರೋದು ಒಂದೇ ಗೆರೆ. ಆ ವ್ಯತ್ಯಾಸ ಬಾಯಿಂದ ಕಿವಿಗೆ ಬರಬೇಕು, ಅದು ಕಣ್ಣಿರೋ ಗುರುಗಳ ಹತ್ರ ಕಲಿತರೂ ಹಾಗೇ. ಅದಕ್ಕೇ ಗುರುಮುಖೇನ ಕಲಿ ಅಂತ ಹಿರಿಯರು ಹೇಳೋದು. ಅಷ್ಟಕ್ಕೂ ಬೋರ್ಡ್ ಮೇಲೆ ಬರೀಲೇಬೇಕು ಅಂದ್ರೆ ಎಂಟನೇ ಕ್ಲಾಸಿನ ಮಗು ಬರೆಯುತ್ತೆ, ಗುರುಗಳು ಹೇಳ್ತಾರೆ. ಹೇಳೋದನ್ನ ಕೇಳಿ ನೊಟೇಶನ್ ಬರೆಯೋದಕ್ಕಿಂತ ಒಳ್ಳೆ ಅಭ್ಯಾಸ ಮಕ್ಕಳಿಗೆ ಬೇರೆ ಯಾವುದಿದೆ?

ಅಂಧರಿಗೆ ಬರೆದ ಸಂಗೀತ ಓದೋಕೆ ಆಗಲ್ಲ ಅನ್ನೋ ತಪ್ಪು ತಿಳುವಳಿಕೆ ಕೂಡ ಇದೆ. ಲೂಯಿ ಬ್ರೈಲ್ ಸ್ವತಃ ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ ನುಡಿಸ್ತಿದ್ದೋರು, ಅಂಧರ ಶಾಲೆಯಲ್ಲಿ ಮೇಷ್ಟ್ರು. 1829ರಲ್ಲಿ ಅವರು ತಮ್ಮ ಚುಕ್ಕೆ ಲಿಪಿ ಅಚ್ಚು ಹಾಕಿಸಿದಾಗಲೇ ಅದರಲ್ಲಿ ಅಕ್ಷರದ ಜೊತೆ ಸಂಗೀತ ಬರೆಯೋ ವಿಧಾನಾನೂ ಇತ್ತು. ಈಗಿನ ಬ್ರೈಲ್ ಸಂಗೀತ ಲಿಪಿಯಲ್ಲಿ ಆರು ಚುಕ್ಕೆಯ ಒಂದೇ ಮನೆಯಲ್ಲಿ ಮೇಲಿನ ನಾಲ್ಕು ಚುಕ್ಕೆ ಯಾವ ಸ್ವರ ಅಂತ ಹೇಳುತ್ತೆ, ಕೆಳಗಿನ ಎರಡು ಚುಕ್ಕೆ ಎಷ್ಟು ಕಾಲ ಅಂತ ಹೇಳುತ್ತೆ. ಒಂದು ಕೈ ಓದ್ತಾ ಇದ್ರೆ ವಾದ್ಯಕ್ಕೆ ಉಳಿಯೋದು ಇನ್ನೊಂದೇ ಕೈ, ಹಾಗಾಗಿ ಓದಿ ಬಾಯಿಪಾಠ ಮಾಡಿ ಆಮೇಲೆ ಎರಡೂ ಕೈಲಿ ನುಡಿಸಬೇಕು. ಅಷ್ಟು ಕಷ್ಟ ಪಡೋರನ್ನ ಕೂರಿಸಿ ಬೋರ್ಡ್ ಮೇಲೆ ಬರೆಯೋಕೆ ಬರಲ್ಲ ಅಂತ ಹೇಳೋಕೆ ಮನಸ್ಸಾದ್ರೂ ಹೇಗೆ ಬರುತ್ತೆ.

ಸಂಗೀತ ಪರೀಕ್ಷೆಗಳ ಬಗ್ಗೆನೂ ಬರೀಬೇಕು, ಯಾಕಂದ್ರೆ ಅಂಧ ಮಕ್ಕಳು ಶಿಕ್ಷಕರಾಗೋ ದಾರಿ ಅಲ್ಲೇ ಮುಚ್ಚಿಹೋಗ್ತಿದೆ. ನಮ್ಮ ಗುರುಗಳ ಒಬ್ಬ ಶಿಷ್ಯ ಇದಾನೆ, ಅವನಿಗೂ ಕಣ್ಣು ಕಾಣಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಥಿಯರಿಗೆ ಬರೆಯೋಕೆ ಅಂತ ಕೊಟ್ಟ ಹುಡುಗಿಗೆ ಪಾಪ ಸಂಗೀತದ ಗಂಧಗಾಳಿ ಇಲ್ಲ. ಇವನು ಮಂದ್ರ ನಿಷಾದ ಅಂತಾನೆ, ಅವಳು ನಿ ಅಂತಷ್ಟೇ ಬರೀತಾಳೆ, ಚುಕ್ಕೆ ಇಲ್ಲ. ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಗುಣಾಕಾರದ ಗುರುತು ಹಾಕು, ಖಾಲಿಗೆ (ಕೈ ಬೀಸೋ ಜಾಗಕ್ಕೆ) ಸೊನ್ನೆ ಹಾಕು ಅಂದ್ರೆ ಅದನ್ನ ಯಾವ ಮಾತ್ರೆ (ತಾಳದ ಎಣಿಕೆ) ಕೆಳಗೆ ಹಾಕಬೇಕು ಅಂತ ಅವಳಿಗೆ ಗೊತ್ತಾಗಲ್ಲ. ಬರೆದಿದ್ದು ಸರಿ ಇದೆಯಾ ಅಂತ ಇವನು ನೋಡೋ ಹಾಗಿಲ್ಲ. ಇಡೀ ತಾಳಲಿಪಿ ತಪ್ಪಾಯ್ತು, ಹುಡುಗ ಥಿಯರಿಯಲ್ಲಿ ಹೋದ. ಅದೇ ತಾಳಾನ ಅವನು ಎದುರಿಗೆ ಕೂತೋರಿಗೆ ಕೈಯಲ್ಲಿ ಹಾಕಿ ತೋರಿಸಬಲ್ಲ, ದುಗುನ್ ಚೌಗುನ್ (ಎರಡು ಪಟ್ಟು, ನಾಲ್ಕು ಪಟ್ಟು ವೇಗ) ಎರಡೂ ಹೇಳಬಲ್ಲ. ಆದ್ರೆ ಅದಕ್ಕೆ ನಿಯಮ ಇಲ್ಲ ಅಂದ್ರು.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತ್ತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು, ಬರೆಯೋರನ್ನ ತಾನೇ ಕರ್ಕೊಂಡು ಬರೋದಾ ಅಥವಾ ಪರೀಕ್ಷೆ ನಡೆಸೋರ ಹತ್ರ ಕೇಳೋದಾ ಅನ್ನೋದು ಅಭ್ಯರ್ಥಿಗೆ ಬಿಟ್ಟಿದ್ದು ಅಂತ ಅದರಲ್ಲಿತ್ತು. ಇದನ್ನ ತೋರಿಸಿದ್ರೆ ಅದು ಬೇರೆ ಪರೀಕ್ಷೆಗೆ, ಸಂಗೀತಕ್ಕಲ್ಲ ಅಂತ ಹೇಳಿದೋರಿದಾರೆ. ಸಂಗೀತ ಪರೀಕ್ಷೆಯಲ್ಲಿ ಅಂಧ ಮಕ್ಕಳು ಬೇರೆ ಎಲ್ಲದಕ್ಕಿಂತ ಜಾಸ್ತಿ ಕೂರೋ ಸಾಧ್ಯತೆ ಇರೋವಾಗ ಅಲ್ಲೇ ವ್ಯವಸ್ಥೆ ಇಲ್ಲ ಅಂದ್ರೆ ಹೇಗೆ?

ಕಾನೂನಿನ ಮಾತು ಎತ್ತೋದು ನನಗೆ ಇಷ್ಟ ಇರಲಿಲ್ಲ, ಮೊದಲು ಮನುಷ್ಯತ್ವದ ಮೇಲೇ ಕೇಳಿದ್ದು, ಕೆಲಸ ಆಗ್ಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಕೊಟ್ಟಿದೆ, ಅದರಲ್ಲಿ ಶೇಕಡಾ 1 ಅಂಧರಿಗೆ ಮತ್ತು ಕಡಿಮೆ ದೃಷ್ಟಿ ಇರೋರಿಗೆ. ಅದು ಸರ್ಕಾರಕ್ಕೆ ಸಂಬಂಧಿಸಿದ್ದು, ನಮ್ಮದು ಖಾಸಗಿ ಶಾಲೆ ಅನ್ನೋರು 21ನೇ ಕಲಂ ಓದಬೇಕು, ಪ್ರತಿ ಸಂಸ್ಥೆನೂ ಸಮಾನ ಅವಕಾಶದ ನೀತಿ ಬರೆದು ಪ್ರಕಟ ಮಾಡಬೇಕು ಅಂತ ಇದೆ, ಖಾಸಗಿಯೂ ಅದರಲ್ಲಿ ಬರುತ್ತೆ. ಸರ್ಕಾರ, ಸ್ಥಳೀಯ ಸಂಸ್ಥೆಗಳು ಅಂಗವೈಕಲ್ಯ ಇರೋ ಶಿಕ್ಷಕರನ್ನೂ ನೇಮಿಸ್ಕೋಬೇಕು ಅನ್ನೋ ಮಾತು 17ನೇ ಕಲಮಿನಲ್ಲಿದೆ. ಅಂಗವೈಕಲ್ಯ ಇರೋ ಕಲಾವಿದರಿಗೆ ಸೌಲಭ್ಯ, ಬೆಂಬಲ ಕೊಡಬೇಕು ಅನ್ನೋದು 29ನೇ ಕಲಂ. ಇದೆಲ್ಲದರ ಜೊತೆಗೆ ಸೂಕ್ತ ಹೊಂದಾಣಿಕೆ ಮಾಡಿಕೊಡದೇ ಇರೋದನ್ನೇ ತಾರತಮ್ಯ ಅಂತ ಆ ಕಾಯ್ದೆ ಕರೆಯುತ್ತೆ. ಆ್ಯಪಿನ ಬಟನ್ನಿಗೆ ಹೆಸರು ಹಾಕಿಸೋದು ಅಂಥದ್ದೇ ಒಂದು ಹೊಂದಾಣಿಕೆ ಅಲ್ವಾ?

2025ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್, ಕಣ್ಣು ಕಾಣಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡೋ ಹಾಗಿಲ್ಲ ಅಂತ ಹೇಳಿತು. ಮುಂದಿನ ತಿಂಗಳೇ ಇನ್ನೊಂದು ತೀರ್ಪಲ್ಲಿ ಡಿಜಿಟಲ್ ಸೇವೆ ಎಲ್ಲರಿಗೂ ಬಳಸೋಕೆ ಬರೋ ಹಾಗಿರಬೇಕು, ಅದು ಜೀವಿಸೋ ಹಕ್ಕಿನ ಭಾಗ ಅಂತ ಹೇಳಿತು. ಕಣ್ಣು ಕಾಣದೋರು ಜಡ್ಜ್ ಆಗಿ ತೀರ್ಪು ಬರೀಬಹುದು ಅಂತ ದೇಶದ ದೊಡ್ಡ ಕೋರ್ಟೇ ಹೇಳ್ತಿರೋವಾಗ, ಆರನೇ ಕ್ಲಾಸಿನ ಮಕ್ಕಳಿಗೆ ಭೂಪ ರಾಗ ಕಲಿಸೋಕೆ ಆಗಲ್ಲ ಅಂತ ಒಂದು ಆಡಳಿತ ಮಂಡಳಿ ತೀರ್ಮಾನ ಮಾಡೋದು ಯಾವ ನ್ಯಾಯ?

ಸರ್ಕಾರದ ಕಡೆಯಿಂದಲೂ ಒಂದು ವಿಷಯ ಸರಿ ಆಗಬೇಕು. ಸುತ್ತೋಲೆ, ಅರ್ಜಿ ನಮೂನೆ, ನೇಮಕಾತಿ ಪ್ರಕಟಣೆ ಇವೆಲ್ಲ ಎಷ್ಟೋ ಸಲ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಬರುತ್ತೆ. ಅದು ಬರೀ ಫೋಟೋ, ಓದೋ ಸಾಫ್ಟ್‌ವೇರಿಗೆ ಅದರಲ್ಲಿ ಒಂದು ಅಕ್ಷರಾನೂ ಸಿಗಲ್ಲ. ಇಲ್ಲಾಂದ್ರೆ ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿರ್ತಾರೆ, ನೋಡೋರಿಗೆ ಅದು ಚಂದದ ಕನ್ನಡ, ಕೇಳೋರಿಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಎನ್‌ವಿಡಿಎ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆಸ್ಟ್ರೇಲಿಯಾದ ಇಬ್ಬರು ಅಂಧರೇ ಶುರು ಮಾಡಿದ್ದು, ಕನ್ನಡವನ್ನೂ ಓದುತ್ತೆ, ನಮ್ಮ ಗುರುಗಳ ಮಗ ಅದನ್ನ ಅವರ ಕಂಪ್ಯೂಟರಿಗೆ ಹಾಕಿಕೊಟ್ಟಿದಾನೆ. ಯೂನಿಕೋಡಲ್ಲಿ ಇದ್ದಿದ್ರೆ ಸುತ್ತೋಲೇನ ಅವರು ನಮಗಿಂತ ಬೇಗ ಓದಿ ಮುಗಿಸ್ತಾರೆ. ಆದ್ರೆ ಈಗ ಅವರ ಕೆಲಸಕ್ಕೇ ಸಂಬಂಧಪಟ್ಟ ಕಾಗದಾನ ಯಾರಾದ್ರೂ ಓದಿ ಹೇಳಲಿ ಅಂತ ಕಾಯಬೇಕು, ಅರ್ಜಿ ಹಾಕೋ ಕೊನೇ ದಿನ ಮುಗಿದ ಮೇಲೆ ಗೊತ್ತಾಗಿದ್ದೂ ಉಂಟು.

ಆದ್ದರಿಂದ ಮಾನ್ಯ ಸಚಿವರಲ್ಲಿ ನನ್ನ ಕೋರಿಕೆ ಇಷ್ಟು. ಶಾಲೆಗಳು ಬಳಸೋ ಹಾಜರಾತಿ, ಮಾರ್ಕ್ಸ್ ಆ್ಯಪ್ ಯಾವುದೇ ಇರಲಿ, ಅದು ಟಾಕ್‌ಬ್ಯಾಕ್, ಎನ್‌ವಿಡಿಎ ಇವುಗಳ ಜೊತೆ ಕೆಲಸ ಮಾಡುತ್ತಾ ಅಂತ ಒಬ್ಬ ಅಂಧ ಶಿಕ್ಷಕರ ಕೈಲೇ ಪರೀಕ್ಷೆ ಮಾಡ್ಸಿ ಆಮೇಲೆ ಬಳಸಬೇಕು ಅಂತ ಒಂದು ಆದೇಶ ಹೊರಡಿಸಿ. ಆ್ಯಪ್ ಸರಿ ಆಗೋ ತನಕ ಅವರ ಹಾಜರಾತೀನ ಬ್ರೈಲಲ್ಲೋ ವಾಯ್ಸ್ ರೆಕಾರ್ಡಲ್ಲೋ ತಗೊಳ್ಳಿ, ಆ್ಯಪ್ ಬರಲ್ಲ ಅನ್ನೋದನ್ನ ಕೆಲಸದಿಂದ ತೆಗೆಯೋಕೆ ಕಾರಣ ಅಂತ ಒಪ್ಪಬೇಡಿ. ಇಲಾಖೆಯ ಎಲ್ಲ ಕನ್ನಡ ಸುತ್ತೋಲೆಗಳು ಯೂನಿಕೋಡಲ್ಲೇ ಬರಲಿ. ಖಾಸಗಿ ಶಾಲೆಗಳ ಮಾನ್ಯತೆ ನವೀಕರಣ ಮಾಡುವಾಗ ಸಮಾನ ಅವಕಾಶ ನೀತಿ ಎಲ್ಲಿ ಅಂತ ಕೇಳಿ, ಸಂಗೀತ ಶಿಕ್ಷಕರಿಗೆ ನೇಮಕಾತಿ ಆದೇಶ ಕೊಟ್ಟಿದಾರಾ ಅಂತ ಕೇಳಿ. ಬಾಯಿಮಾತಲ್ಲಿ ಇಟ್ಟುಕೊಂಡು ಬಾಯಿಮಾತಲ್ಲೇ ಕಳಿಸೋದು ನಿಲ್ಲಬೇಕು.

ಸಂಗೀತ ಪರೀಕ್ಷೆ ನಡೆಸೋ ಹಿರಿಯರಲ್ಲೂ ಕೈ ಮುಗಿದು ಕೇಳ್ತೀನಿ. ಅಂಧ ವಿದ್ಯಾರ್ಥಿಗೆ ಬರೆಯೋಕೆ ಕೊಡೋರಿಗೆ ಸ್ವರಲಿಪಿ, ತಾಳಲಿಪಿ ಗುರುತುಗಳು ಗೊತ್ತಿರಲಿ, ಉತ್ತರ ಗೊತ್ತಿರಬೇಕಿಲ್ಲ ಗುರುತು ಗೊತ್ತಿದ್ರೆ ಸಾಕು. ಅಂಥೋರು ಸಿಗಲ್ಲ ಅಂದ್ರೆ ಲಿಪಿ ಬರೆಯೋ ಪ್ರಶ್ನೆಗಳನ್ನ ಹಾಡಿ, ತಾಳ ಹಾಕಿ ತೋರಿಸೋಕೆ ಬಿಡಿ. ಕಂಪ್ಯೂಟರಲ್ಲಿ ಬರೀತೀನಿ ಅನ್ನೋ ಮಕ್ಕಳಿಗೆ ಅದಕ್ಕೆ ಅವಕಾಶ ಕೊಡಿ. ನಾನು ಹೇಳಿದ ಆ ಹುಡುಗ ಮತ್ತೆ ಪರೀಕ್ಷೆ ಕಟ್ಟೋಕೆ ಈಗ ಒಪ್ತಿಲ್ಲ. ನಿಯಮ ಬದಲಾಯ್ತು ಅಂತ ಹೇಳೋಕೆ ನನಗೊಂದು ಕಾಗದ ಸಿಕ್ಕಿದ್ರೆ ಅವನನ್ನ ಒಪ್ಪಿಸೋ ಜವಾಬ್ದಾರಿ ನನ್ನದು.

ಆಡಳಿತ ಮಂಡಳಿಯ ಹಿರಿಯರೇ, ನಿಮ್ಮಲ್ಲಿ ಕೇಳೋದು ಒಂದೇ. ಅಂಧ ಶಿಕ್ಷಕರನ್ನ ತೆಗೆಯೋ ಮುಂಚೆ, ಅಥವಾ ಸಂದರ್ಶನಕ್ಕೆ ಬಂದೋರನ್ನ ಬಾಗಿಲಲ್ಲೇ ನೋಡಿ ಬೇಡ ಅನ್ನೋ ಮುಂಚೆ, ಅವರ ಒಂದು ಪೂರ್ತಿ ಪಿರಿಯಡ್ ಹಿಂದೆ ಕೂತು ಕೇಳಿ. ಚೆನ್ನಾಗಿ ಕಲಿಸ್ತಿಲ್ಲ ಅನ್ಸಿದ್ರೆ ಬೇಡ ಅನ್ನಿ, ಆಗ ನಾನೂ ಏನೂ ಅನ್ನಲ್ಲ, ಎಲ್ಲ ಶಿಕ್ಷಕರಿಗೂ ಇರೋ ಅಳತೆ ಅದು. ಇವರಿಗೂ ಅದೇ ಅಳತೆ ಇರಲಿ, ಅದಕ್ಕಿಂತ ಹೆಚ್ಚಿಂದೂ ಬೇಡ ಕಡಿಮೆದೂ ಬೇಡ. ಸನ್ಮಾನ ಮಾಡಬೇಕು ಅನ್ಸಿದ್ರೆ ಕೆಲಸದಲ್ಲಿ ಇರೋವಾಗಲೇ ಮಾಡಿ.

ನಮ್ಮ ಗುರುಗಳು ಈಗ ಮನೆಯಲ್ಲೇ ಪಾಠ ಹೇಳ್ತಿದಾರೆ, ಶಾಲೆಯಲ್ಲಿ ಕಲೀತಿದ್ದ ಮಕ್ಕಳಲ್ಲಿ ಸುಮಾರು ಜನ ಅಲ್ಲಿಗೇ ಹೋಗ್ತಿದಾರೆ, ಆದ್ರೆ ಫೀಸ್ ಕೊಟ್ಟು ಕಳಿಸೋಕೆ ಆಗದ ಮನೆಗಳ ಮಕ್ಕಳಿಗೆ ಸಂಗೀತ ನಿಂತುಹೋಗಿದೆ, ಬಾ ಅಂತ ಅವರು ಕರೆದ್ರೂ ಪುಕ್ಕಟೆ ಹೇಗೆ ಕಳಿಸೋದು ಅಂತ ಆ ತಾಯಂದಿರು ಸಂಕೋಚ ಪಡ್ತಾರೆ. ಶಾಲೆಯಲ್ಲಿ ಇದ್ದಿದ್ರೆ ಆ ಪ್ರಶ್ನೆನೇ ಬರ್ತಿರಲಿಲ್ಲ. ನಾವು ಪಾಲಕರು ಸಹಿ ಹಾಕಿದ ಮನವೀನ ಶಾಲೆಗೆ ಕೊಟ್ಟಿದೀವಿ, ಅದರ ಪ್ರತಿಯನ್ನ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿಗೂ ಕಳಿಸ್ತಿದೀವಿ. ಮುಂದಿನ ಜೂನಲ್ಲಿ ಶಾಲೆ ಶುರು ಆಗೋ ಮುಂಚೆ ಲಿಖಿತ ಉತ್ತರ ಬೇಕು. ದಯವಿಟ್ಟು ಆ ಉತ್ತರ ಯೂನಿಕೋಡಲ್ಲಿ ಟೈಪ್ ಮಾಡಿ ಕಳಿಸಿ, ಗುರುಗಳು ತಾವೇ ಓದ್ಕೋತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶಿಷ್ಯೆ ಮತ್ತು ಪಾಲಕಿ